ಹಲ್ಲಿನಕ್ಕನ ಮನೆಯ ಸರ್ವರ್

ನಮ್ಮ ಬೀದಿಯಲ್ಲಿ ಅವಳಿಗೆ ಹಲ್ಲಿನಕ್ಕ ಅಂತ ಹೆಸರು ಬಿದ್ದಿದ್ದು ಅವಳ ಹಲ್ಲಿನಿಂದಲ್ಲ, ಕೆಲಸದಿಂದ. ದಂತವೈದ್ಯರು ಕಳಿಸುವ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಮೇಣದಲ್ಲಿ ಹಲ್ಲು ಕೂರಿಸುವುದು, ಒಸಡಿನ ಬಣ್ಣ ಹೊಂದಿಸುವುದು, ಕೊನೆಗೆ ಉಜ್ಜಿ ಹೊಳಪು ಕೊಡುವುದು. ಬೀದಿಯ ಅರ್ಧ ಮುದುಕರು ಬಾಯಿ ತುಂಬ ನಗುತ್ತಿದ್ದುದು ಅವಳ ಕೈಗುಣದಿಂದಲೇ.

ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳಿಸದು. ಮಾತೆಲ್ಲ ಕೈಯಲ್ಲೇ. ಗಂಡ ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುವವನು. ಕಿವಿ ಸರಿಯಾಗಿಯೇ ಕೇಳಿಸುವ ಆಸಾಮಿ, ಅವಳಿಗೋಸ್ಕರ ಮದುವೆಗೆ ಮುಂಚೆಯೇ ಕೈಮಾತು ಕಲಿತಿದ್ದ. ಅತ್ತೆ ಕಲಿತದ್ದು ಮದುವೆಯಾದ ಮೇಲೆ, ಅದೂ ಸೊಸೆಯ ಜೊತೆ ಜಗಳ ಆಡುವುದಕ್ಕೆ. "ನಾನು ಬಯ್ಯೋಕೆ ಶುರು ಮಾಡಿದ್ರೆ ಇವಳು ಕಣ್ಣು ಮುಚ್ಕೊಂಡುಬಿಡ್ತಾಳೆ. ಅಲ್ಲಿಗೆ ಜಗಳ ಮುಗೀತು! ಇದ್ಯಾವ ನ್ಯಾಯ?" ಅಂತ ಅಕ್ಕಪಕ್ಕದವರ ಹತ್ತಿರ ಗೋಳು ಹೇಳಿಕೊಳ್ಳುತ್ತಿದ್ದರು. ಇಲ್ಲಿ ಹಲ್ಲಿನಕ್ಕ "ಅಂದಳು" ಅಂತ ನಾನು ಬರೆದ ಕಡೆಯೆಲ್ಲ ಕೈಯಲ್ಲಿ ಅಂದಳು ಎಂದೇ ತಿಳಿಯಬೇಕು.

ವಾರದ ರಜೆಯ ದಿನ ಊರಿನ ಕಿವುಡರೆಲ್ಲ ಸಂಘದ ಹಾಲ್‌ನಲ್ಲಿ ಸೇರುತ್ತಿದ್ದರು. ಅಲ್ಲಿನ ಮುದುಕರ ಕೈಮಾತಿನ ವರಸೆಯೇ ಬೇರೆ. ಅವರೆಲ್ಲ ಊರಾಚೆಯ ಹಳೇ ಕಿವುಡರ ಶಾಲೆಯ ಹಾಸ್ಟೆಲ್‌ನಲ್ಲಿ ಬೆಳೆದವರು. ಮೇಷ್ಟ್ರ ಕಣ್ಣು ತಪ್ಪಿಸಿ ಮಂಚದ ಮೇಲೆ ಕೂತು ತಾವೇ ಕಟ್ಟಿಕೊಂಡ ಭಾಷೆ ಅದು. ಈಗಿನವರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಹಲ್ಲಿನಕ್ಕ ಆ ಮುದುಕರನ್ನು ಒಬ್ಬೊಬ್ಬರಾಗಿ ಕೂರಿಸಿ, ಅವರ ಕಥೆ, ಜೋಕು, ಹರಟೆಯನ್ನೆಲ್ಲ ಫೋನಿನಲ್ಲಿ ಹಿಡಿದು, ಇಂಟರ್ನೆಟ್ಟಿನ ದೊಡ್ಡದೊಂದು ವಿಡಿಯೋ ತಾಣಕ್ಕೆ ಹಾಕುತ್ತ ಬಂದಳು. ಫೋನು ತುಂಬಿದಾಗ ಫೋನಿನಿಂದ ಅಳಿಸುತ್ತಿದ್ದಳು. ಅಲ್ಲಿ ಭದ್ರವಾಗಿದೆಯಲ್ಲ ಅನ್ನುವ ಧೈರ್ಯ.

ಆ ಮುದುಕರ ಭಾಷೆಯಲ್ಲಿ ಒಂದು ಮಾತಿತ್ತು. "ಅಣ್ಣ" ಅನ್ನಬೇಕಾದರೆ ನಡುಬೆರಳು ಎತ್ತಿ ತೋರಿಸುವುದು. ಯಾವಾಗಲೂ ಉಣ್ಣೆಯ ಟೋಪಿ ಹಾಕಿಕೊಂಡಿರುತ್ತಿದ್ದ ಟೋಪಿ ಅಜ್ಜಿಗಂತೂ ಮನೆ ತುಂಬ ಅಣ್ಣಂದಿರು. ಅವರ ಕಥೆ ಹೇಳಲು ಕೂತರೆ ಎರಡು ಕೈಯ ನಡುಬೆರಳೂ ಕುಣಿಯುತ್ತಿದ್ದವು. ವಿಡಿಯೋಗಳನ್ನು ತಪಾಸಣೆ ಮಾಡುವ ಯಂತ್ರಕ್ಕೆ ಅಣ್ಣನೂ ಗೊತ್ತಿಲ್ಲ, ತಮ್ಮನೂ ಗೊತ್ತಿಲ್ಲ. ಅಸಭ್ಯ ಸನ್ನೆ ಅಂತ ಹೇಳಿ ಹಲ್ಲಿನಕ್ಕನ ಖಾತೆಯನ್ನೇ ಮುಚ್ಚಿಬಿಟ್ಟಿತು. ಒಂದು ಬೆಳಿಗ್ಗೆ ನೋಡಿದರೆ ಒಂದೂ ಇಲ್ಲ. ಅವಳು ಮನವಿ ಬರೆದಳು. ಪರಿಶೀಲಿಸಿದ್ದೇವೆ, ನಿರ್ಧಾರ ಬದಲಾಗದು ಅಂತ ಉತ್ತರ ಬಂತು. ಮತ್ತೆ ಬರೆದಳು. ಅದೇ ಉತ್ತರ, ಒಂದಕ್ಷರ ವ್ಯತ್ಯಾಸವಿಲ್ಲ.

ಟೋಪಿ ಅಜ್ಜಿ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಮತ್ತೆ ಕೂರಿಸಿ ಹೇಳಿಸೋಣವೆಂದರೆ ಅಜ್ಜಿಯೇ ಇಲ್ಲ. ಹಲ್ಲಿನಕ್ಕ ಅತ್ತಳು, ಊಟ ಬಿಟ್ಟಳು, ಆಮೇಲೆ ಸಿಟ್ಟಾದಳು.

"ಇನ್ನೊಂದು ತಾಣದಲ್ಲಿ ಹಾಕೋಣ ಬಿಡು," ಅಂದ ಗಂಡ.

"ಬೇಡ. ಅವರೂ ಎದ್ದು ಹೋಗು ಅಂದ್ರೆ ಚಾಪೆ ಸುತ್ಕೊಂಡು ಇನ್ನೆಲ್ಲಿಗೆ ಹೋಗ್ಲಿ? ನಮ್ಮನೇಲೇ ಇಡ್ತೀನಿ."

ಮನೆಯಲ್ಲಿ ಇಡುವುದೆಂದರೆ ಸರ್ವರ್ ಬೇಕು ಅಂತ ಅವಳಿಗೆ ಓದಿ ಗೊತ್ತಾಗಿತ್ತು. ಸರ್ವರ್ ಅಂದರೆ ಮತ್ತೇನಲ್ಲ, ಸದಾ ಚಾಲೂ ಇದ್ದು, ಯಾರು ಎಲ್ಲಿಂದ ಕೇಳಿದರೂ ಕೇಳಿದ ವಿಡಿಯೋ ತೆಗೆದುಕೊಡುವ ಕಂಪ್ಯೂಟರ್. ಕಲಿಯಲು ಒಂದು ತರಬೇತಿ ಕೇಂದ್ರಕ್ಕೆ ಹೋದಳು. ಅಲ್ಲಿನವನು ಇವಳ ಗಂಡನ ಮುಖ ನೋಡಿಕೊಂಡು, "ಪಾಠ ಎಲ್ಲ ಮಾತಲ್ಲೇ ಇರುತ್ತೆ ಸರ್, ಇವರಿಗೆ ಕಷ್ಟ ಆಗುತ್ತೆ. ಪಾಪ, ಟೈಪಿಂಗ್ ಸೇರಿಸಿ," ಅಂದ. ಗಂಡ ಕೈಯಲ್ಲಿ ತಿಳಿಸುವ ಮುಂಚೆಯೇ ಆ "ಪಾಪ"ವನ್ನು ಅವಳು ತುಟಿಯ ಮೇಲೆ ಓದಿಕೊಂಡಿದ್ದಳು. ಎದ್ದು ಬಂದಳು. ದಾರಿಯಲ್ಲೇ ಗುಜರಿ ಅಂಗಡಿಗೆ ಹೋಗಿ, ಯಾವುದೋ ಆಫೀಸಿನವರು ಎಸೆದಿದ್ದ ಹಳೇ ಕಂಪ್ಯೂಟರನ್ನು ವ್ಯಾನಿಗೆ ಹಾಕಿಸಿದಳು.

"ಮನೇಲಿ ಕಾಲು ಚಾಚೋಕೆ ಜಾಗ ಇಲ್ಲ, ಇನ್ನೊಂದು ಡಬ್ಬ ತಂದ್ಯಾ?" ಅಂತ ಅತ್ತೆ ಸ್ವಾಗತ ಮಾಡಿದರು. ಡಬ್ಬ ಹೋಗಿ ಕೂತಿದ್ದು ಅತ್ತೆಯ ಮಂಚದ ತಲೆದಿಸೆಯ ಗೂಡಿನಲ್ಲಿ. ಮನೆಗೆ ಬರುವ ಇಂಟರ್ನೆಟ್ ತಂತಿ ಅಲ್ಲಿಗೇ ಮುಗಿಯುತ್ತಿತ್ತು.

ಹಲ್ಲಿನಕ್ಕ ಓದಿ ಓದಿಯೇ ಕಲಿತಳು. ಕಲಿಸುವ ವಿಡಿಯೋಗಳಲ್ಲೆಲ್ಲ ಬಾಯಿ ಆಡುತ್ತಿತ್ತು, ಕೆಳಗೆ ಅಕ್ಷರ ಇರುತ್ತಿರಲಿಲ್ಲ. ಹಾಗಾಗಿ ಬರಹದಲ್ಲಿದ್ದುದನ್ನು ಮಾತ್ರ ಹುಡುಕಿದಳು. ಆಗ ಅವಳಿಗೆ ಸಿಕ್ಕಿದ್ದು ಒಂದು ಕಪ್ಪು ಪರದೆ. ಚಿತ್ರವಿಲ್ಲ, ಗುಂಡಿಯಿಲ್ಲ, ನೀನು ಒಂದು ಸಾಲು ಬರೆದರೆ ಅದು ಒಂದು ಸಾಲು ಬರೆಯುತ್ತದೆ. ತಪ್ಪಿದ್ದರೆ ತಪ್ಪು ಅನ್ನುತ್ತದೆ, ಯಾವ ಸಾಲಿನಲ್ಲಿ ಅಂತಲೂ ಹೇಳುತ್ತದೆ. "ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಬಾಯಿ ಆಡಿಸದೇ ಮಾತಾಡಿದ ಮೊದಲನೇ ಮೇಷ್ಟ್ರು ಇದು. ಪಾಪ ಅನ್ನಲ್ಲ, ಮುಖ ಸಿಂಡರಿಸಲ್ಲ," ಅಂತ ಗಂಡನಿಗೆ ಹೇಳಿದಳು.

ಆ ಮೇಷ್ಟ್ರ ಕೈಯಲ್ಲಿ ಚೆನ್ನಾಗಿಯೇ ಪೆಟ್ಟು ತಿಂದಳು. ಅಳಿಸಬಾರದ ಡಿಸ್ಕನ್ನು ಅಳಿಸಿದಳು. ಮನೆಯ ಇಂಟರ್ನೆಟ್ಟನ್ನೇ ಕೆಡಿಸಿ, ಗಂಡನ ಫೋನು, ತನ್ನ ಫೋನು ಎರಡೂ ಮೂಕವಾಗಿ ಕೂರುವಂತೆ ಮಾಡಿದಳು. ಹೊರಗಿನಿಂದ ಬರಲು ದಾರಿ ತೆರೆದ ದಿನವೇ, ಯಾರೋ ಕಾಣದ ಊರಿನವರು ಬಿಡದೆ ಪಾಸ್‌ವರ್ಡ್ ಊಹಿಸಿ ಒಳನುಗ್ಗಲು ನೋಡುತ್ತಿರುವುದು ಪರದೆಯಲ್ಲಿ ಸಾಲುಸಾಲಾಗಿ ಕಂಡಿತು. ಹಾಗಂತ ತಂತಿ ಕೀಳಲಿಲ್ಲ. ಪಾಸ್‌ವರ್ಡಿನ ದಾರಿಯನ್ನೇ ಮುಚ್ಚಿ, ತನ್ನ ಲ್ಯಾಪ್‌ಟಾಪಿನಲ್ಲಿಟ್ಟ ಕೀ ಎಂಬ ಗುಟ್ಟಿನ ಫೈಲು ಇದ್ದರಷ್ಟೇ ತೆರೆಯುವ ಹಾಗೆ ಮಾಡಿದಳು. "ಬಡ್ಕೊಳ್ಳಿ ಈಗ," ಅಂತ ಪರದೆಗೆ ಕೈ ತೋರಿಸಿದಳು.

ಒಂದು ದಿನ ಡಬ್ಬ ಶುರುವಾಗಲೇ ಇಲ್ಲ. ಪರದೆ ಖಾಲಿ. ಇವಳು ತಂತಿಗಳನ್ನೆಲ್ಲ ಕಿತ್ತು ಚುಚ್ಚಿ ನೋಡುತ್ತಿದ್ದರೆ ಅತ್ತೆ ಎರಡೂ ಕಿವಿ ಮುಚ್ಚಿಕೊಂಡು ಬಂದು, ಕೈ ಇಳಿಸಿ ಎದುರಿಗೆ ನಿಂತರು.

"ಅದರ ಬಾಯಿ ಮುಚ್ಸೇ ಮಾರಾಯ್ತಿ! ಆಗಿನಿಂದ ಅರಚ್ತಾ ಇದೆ!"

ಹಲ್ಲಿನಕ್ಕ ಕೈ ನಿಲ್ಲಿಸಿದಳು. "ಅರಚ್ತಾ ಇದೆಯಾ? ಹೇಗೆ ಅರಚುತ್ತೆ, ತೋರಿಸಿ ಅತ್ತೆ."

ಅತ್ತೆ ಅವಳ ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆರಳು ಉದ್ದಕ್ಕೆ ಎಳೆದು, ಆಮೇಲೆ ಅಂಗೈ ಮೇಲೆ ಪಟಪಟ ಅಂತ ಚಿಕ್ಕದಾಗಿ ತಟ್ಟಿದರು. ಒಂದು ಉದ್ದ, ಮೂರು ಗಿಡ್ಡ. ಆ ಕಂಪ್ಯೂಟರಿನ ಕೈಪಿಡಿ ತೆಗೆದು ನೋಡಿದರೆ ಆ ಕೂಗಿಗೂ ಅರ್ಥ ಬರೆದಿತ್ತು: ಮೆಮೊರಿಯ ಪಟ್ಟಿ ಸರಿಯಾಗಿ ಕೂತಿಲ್ಲ. ಹಲ್ಲು ಕೂರಿಸುವ ಕೈಗೆ ಅದೇನು ಮಹಾ? ತೆಗೆದು, ಒರೆಸಿ, ಒತ್ತಿ ಕೂರಿಸಿದಳು. ಶುರುವಾಯಿತು.

ಅಂದಿನಿಂದ ಅತ್ತೆಯ ಬೈಗುಳಕ್ಕೆ ಬೆಲೆ ಬಂತು. ಇನ್ನೊಂದು ಸಲ ಹಲ್ಲಿನಕ್ಕ ಲ್ಯಾಬಿನಲ್ಲಿ ಮೇಣ ಕಾಯಿಸುತ್ತಿದ್ದಾಗ ಅತ್ತೆಯಿಂದ ಮೆಸೇಜು ಬಂತು: "ನಿನ್ನ ಡಬ್ಬ ದಿನಾ ಗುಂಯ್ ಅನ್ನೋದು ಇವತ್ತು ಟಕ್ ಟಕ್ ಅಂತಿದೆ. ನನಗೇನು, ಹೇಳಿದೀನಿ ಅಷ್ಟೆ." ರಜೆ ಹಾಕಿ ಓಡಿ ಬಂದಳು. ಒಂದು ಡಿಸ್ಕು ಸಾಯುವ ಹಂತದಲ್ಲಿತ್ತು. ಎಲ್ಲವನ್ನೂ ಎರಡು ಡಿಸ್ಕಿನಲ್ಲಿ ಒಟ್ಟಿಗೆ ಬರೆಯುವ ಹಾಗೆ ಅವಳು ಮಾಡಿಟ್ಟಿದ್ದರಿಂದ, ಹೋಗುವುದನ್ನು ತೆಗೆದು ಹೊಸದನ್ನು ಹಾಕುವಷ್ಟರಲ್ಲೇ ಕೆಲಸ ಮುಗಿಯಿತು. ಒಂದು ವಿಡಿಯೋವೂ ಹೋಗಲಿಲ್ಲ. ಡಬ್ಬವನ್ನು ಬೇರೆ ಕಡೆ ಇಡೋಣವಾ ಅಂತ ಗಂಡ ಕೇಳಿದರೆ ಅತ್ತೆ, "ಬೇಡ ಬಿಡು, ಈಗ ಅದು ಸುಮ್ಮನಾದ್ರೆ ನನಗೆ ನಿದ್ದೆ ಬರಲ್ಲ," ಅಂದರು.

ಮುದುಕರು ಹಲ್ಲಿನಕ್ಕನ ಮನೆಗೇ ಬಂದು ಮತ್ತೆ ಕ್ಯಾಮೆರಾದ ಎದುರು ಕೂರತೊಡಗಿದರು. ಅಣ್ಣಂದಿರೆಲ್ಲ ಧಾರಾಳವಾಗಿ ವಾಪಸು ಬಂದರು. ಕಿವಿ ಕೇಳಿಸುವವರಿಗೂ ತಿಳಿಯಲಿ ಅಂತ ಅವಳು ಪ್ರತಿ ವಿಡಿಯೋದ ಕೆಳಗೂ ಅಕ್ಷರದಲ್ಲಿ ಬರೆಯುತ್ತಿದ್ದಳು.

ಹಾಗೆ ಬಂದವರಲ್ಲಿ ಬಡಗಿ ತಾತ ಒಬ್ಬರು. ಜೋಕು ಹೇಳುವವರೆಂದು ಹೆಸರಾದ ತಾತ ಅವತ್ತು ಜೋಕು ಹೇಳಲಿಲ್ಲ. ಶಾಲೆಯಲ್ಲಿ ಮಕ್ಕಳು ಬಾಯಲ್ಲೇ ಮಾತಾಡಲಿ ಅಂತ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಕೂರಿಸುತ್ತಿದ್ದುದನ್ನು ಹೇಳಿದರು. ಯಾವ ದಾರ, ಯಾವ ಬೆಂಚು, ಯಾರು ಕಟ್ಟುತ್ತಿದ್ದರು, ಎಲ್ಲವನ್ನೂ. ಒಂದಕ್ಕೆ ಹೋಗಬೇಕು ಅಂತ ಕೇಳಲು ಕೈಯಿಲ್ಲದೆ ಬೆಂಚಿನಲ್ಲೇ ಒದ್ದೆಯಾದ ಗೆಳೆಯನ ವಿಷಯ ಹೇಳುವಾಗ ತಾತನ ಬೆರಳು ತಡವರಿಸಿತು.

"ಇದನ್ನ ಎಲ್ಲರೂ ನೋಡೋ ಹಾಗೆ ಇಡ್ಲಾ ತಾತ?" ಅಂತ ಹಲ್ಲಿನಕ್ಕ ಕೇಳಿದಳು.

"ಇನ್ಯಾತಕ್ಕೆ ಹೇಳಿದೆ?" ಅಂದರು ತಾತ.

ಆ ವಿಡಿಯೋ ಊರೆಲ್ಲ ಓಡಾಡಿತು. ಸಂಘದ ಕಾರ್ಯದರ್ಶಿ ಮನೆಗೆ ಬಂದರು. ಅವರು ಕಿವಿ ಕೇಳಿಸುವವರು, ಕೈಮಾತಿನಲ್ಲಿ ನಮಸ್ಕಾರ, ಊಟ, ಚೆನ್ನಾಗಿದೀರಾ, ಇಷ್ಟರಲ್ಲೇ ವರ್ಷಗಳನ್ನು ಕಳೆದಿದ್ದರು. ಗಂಡ ಕೆಲಸಕ್ಕೆ ಹೋಗಿದ್ದ. ಹಾಗಾಗಿ ಅತ್ತೆಯೇ ಮಧ್ಯೆ ಕೂತರು.

ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡರು. "ನೋಡಿ ಅಮ್ಮ, ಶ್ರವಣದೋಷವುಳ್ಳ ನಮ್ಮ ಬಂಧುಗಳಿಗೆ ನಿಮ್ಮ ಸೊಸೆ ಮಾಡ್ತಿರೋ ಸೇವೆ ಸಾಮಾನ್ಯದ್ದಲ್ಲ. ಸಂಘದ ಹೆಸರಲ್ಲೇ ಇದನ್ನ ದೊಡ್ಡದಾಗಿ ಮಾಡೋಣ, ಎಲ್ಲ ವಿಡಿಯೋನೂ ನಮ್ಮ ಆಫೀಸಿಗೆ ಕೊಟ್ಟುಬಿಡಲಿ. ಆ ಒಂದು ವಿಡಿಯೋ ಮಾತ್ರ… ಹಳೇ ಗಾಯ ಕೆದಕೋದು ಯಾರಿಗೂ ಒಳ್ಳೇದಲ್ಲ, ಅಲ್ವಾ? ಹಾಲ್ ಕೊಟ್ಟಿರೋದೂ ಆ ಶಾಲೆಯ ಟ್ರಸ್ಟಿನವರೇ."

ಅತ್ತೆ ಸೊಸೆಯ ಕಡೆ ತಿರುಗಿದರು. "ಬೆಣ್ಣೆ ಹಚ್ತಾ ಇದಾರೆ. ಅರ್ಥ ಇಷ್ಟೇ: ಎಲ್ಲಾನೂ ನಮಗೆ ಕೊಡು, ತಾತನದ್ದು ತೆಗಿ. ಇಲ್ಲಾಂದ್ರೆ ಹಾಲ್ ಹೋಗುತ್ತೆ."

ಹಲ್ಲಿನಕ್ಕ ಉತ್ತರ ಕೊಟ್ಟಳು. ತುಂಬ ಹೊತ್ತು ಕೊಟ್ಟಳು. ಕೈಗಳು ಗಾಳಿಯಲ್ಲಿ ಸಪ್ಪಳವಾಗುವಷ್ಟು ಜೋರಾಗಿ ಆಡಿದವು, ಮೇಜಿನ ಮೇಲಿದ್ದ ಟೀ ಲೋಟ ಒಂದು ಸಲ ಬೀಳುವುದರಲ್ಲಿತ್ತು. ಮುಗಿದ ಮೇಲೆ ಅತ್ತೆ ಕಾರ್ಯದರ್ಶಿಗಳ ಕಡೆ ತಿರುಗಿ, "ಆಗಲ್ಲ ಅಂತಾಳೆ," ಅಂದರು.

"ಅಷ್ಟು ಹೊತ್ತು ಹೇಳಿದ್ದು ಅದೊಂದೇ ಮಾತಾ?"

"ಉಳಿದಿದ್ದನ್ನ ನನ್ನ ಬಾಯಲ್ಲಿ ಹೇಳೋ ಹಾಗಿಲ್ಲ. ವಯಸ್ಸಾದವಳು ನಾನು."

ಹಾಲ್ ಹೋಯಿತು. ರಜೆಯ ದಿನ ಹೋದವರಿಗೆ ಬೀಗ ಕಂಡಿತು. ಕೆಲವರು ಹಲ್ಲಿನಕ್ಕನ ಮೇಲೆ ಸಿಟ್ಟಾದರು. "ನಿನ್ನ ಒಂದು ವಿಡಿಯೋಗೆ ನಾವೆಲ್ಲ ಬೀದಿಗೆ ಬಿದ್ವಿ," ಅಂತ ಹಾಸ್ಟೆಲಿನಲ್ಲೇ ಬೆಳೆದಿದ್ದ ಒಬ್ಬ ಹೆಂಗಸು, ಬಟ್ಟೆ ಇಸ್ತ್ರಿ ಮಾಡುವವಳು, ಮುಖ ತಿರುಗಿಸಿಕೊಂಡಳು. ಆ ಮಾತು ಹಲ್ಲಿನಕ್ಕನಿಗೆ ನಾಟಿತು. ಮನೆಗೆ ಬಂದವಳು ಮಂಕಾಗಿ ಕೂತಳು. ಆದರೆ ತೆಗೆಯುವ ಯೋಚನೆ ಒಂದು ಕ್ಷಣವೂ ಬರಲಿಲ್ಲ. "ಹಾಲ್ ಕೊಟ್ಟು ಕೈ ಕಟ್ಟೋದಾದ್ರೆ ಆ ಬೆಂಚಿಗೂ ಇದಕ್ಕೂ ಏನು ವ್ಯತ್ಯಾಸ?" ಅಂತ ಗಂಡನನ್ನು ಕೇಳಿದಳು.

ದಾರಿ ತೋರಿಸಿದ್ದು ಬಡಗಿ ತಾತ. "ನನ್ನ ಕಾರ್ಖಾನೆ ರಜೆ ದಿನ ಖಾಲಿ ಇರುತ್ತೆ. ಬನ್ನಿ," ಅಂದರು. ಹಲಗೆಗಳ ಮೇಲೆ, ಪೆಟ್ಟಿಗೆಗಳ ಮೇಲೆ ಜನ ಕೂತರು. ಹಲ್ಲಿನಕ್ಕ ಸಮಯ ಹಾಳು ಮಾಡಲಿಲ್ಲ. ಎರಡನೇ ಸರ್ವರನ್ನು ಅಲ್ಲಿಯೇ ಹೂಡಿದಳು. ಮರದ ಹೊಟ್ಟು ಒಳಹೋಗಿ ಅದು ಕೆಡಬಾರದೆಂದು ತಾತ ಗಾಳಿಕಿಂಡಿಗೆ ಜಾಲರಿ ಬಿಗಿದ ಒಂದು ಚಂದದ ಕಪಾಟನ್ನು ಮಾಡಿಕೊಟ್ಟರು. ಮನೆಯ ಡಬ್ಬದಲ್ಲಿ ಇದ್ದುದೆಲ್ಲ ಕಪಾಟಿನ ಡಬ್ಬಕ್ಕೂ ನಕಲಾಗತೊಡಗಿತು.

"ನಿನ್ನ ಮನೇದು ಹಾಳಾದ್ರೆ ಇದು ನಿಜವಾಗ್ಲೂ ಕೆಲಸ ಮಾಡುತ್ತಾ?" ಅಂತ ಕೇಳಿದವಳು ಅದೇ ಇಸ್ತ್ರಿಯವಳು. ಅನುಮಾನದಿಂದಲೇ ಬಂದು ಬಾಗಿಲ ಹತ್ತಿರ ನಿಂತಿದ್ದಳು.

"ಈಗಲೇ ನೋಡೋಣ," ಅಂದಳು ಹಲ್ಲಿನಕ್ಕ. ಮನೆಯಲ್ಲಿದ್ದ ಗಂಡನಿಗೆ ಮೆಸೇಜು ಕಳಿಸಿದಳು: ತಂತಿ ಕೀಳು. ಅವನು ಕಿತ್ತ. ಎಲ್ಲರ ಫೋನಿನಲ್ಲೂ ವಿಡಿಯೋ ನಿಂತುಹೋಯಿತು. ಅವಳು ತನ್ನ ತಾಣದ ಹೆಸರು ಹಿಡಿದು ಬರುವವರನ್ನು ಕಪಾಟಿನ ಸರ್ವರಿಗೆ ತಿರುಗಿಸಿದಳು. ಕಾದರು. ಏನೂ ಬರಲಿಲ್ಲ. ಯಾರೋ ಕೆಮ್ಮಿದರು, ಇಸ್ತ್ರಿಯವಳು ಚಪ್ಪಲಿ ಮೆಟ್ಟಿಕೊಂಡಳು. ಹಲ್ಲಿನಕ್ಕ ಕಪ್ಪು ಪರದೆಯನ್ನು ಮೇಲಿನಿಂದ ಓದುತ್ತ ಬಂದಳು. ಮನೆಯ ಡಬ್ಬದ ಹಳೇ ವಿಳಾಸವೇ ಉಳಿದುಕೊಂಡಿದ್ದ ಒಂದು ಸಾಲು ಸಿಕ್ಕಿತು. ತಿದ್ದಿದಳು. ಮೊದಲು ಒಬ್ಬರ ಫೋನು, ಆಮೇಲೆ ಪಕ್ಕದವರದು, ಆಮೇಲೆ ಎಲ್ಲರದರಲ್ಲೂ ಬಡಗಿ ತಾತ ಕೈ ಆಡಿಸತೊಡಗಿದರು. ತಾತ ತಮ್ಮನ್ನು ತಾವೇ ನೋಡಿಕೊಂಡು, "ಇನ್ನು ತೆಗೆಸಬೇಕು ಅಂದ್ರೆ ಎರಡು ಬಾಗಿಲು ತಟ್ಟಬೇಕು," ಅಂದರು.

"ತಟ್ಟಲಿ. ಇಲ್ಲಿ ಯಾರಿಗೆ ಕೇಳಿಸುತ್ತೆ?" ಅಂದಳು ಹಲ್ಲಿನಕ್ಕ.

"ನಿನ್ನ ಅತ್ತೆಗೆ ಕೇಳಿಸುತ್ತಲ್ಲ!"

"ಅವರು ಬಾಗಿಲು ತೆಗೆದ್ರೆ ತಟ್ಟಿದವರಿಗೇ ಕಷ್ಟ."

ಕಾರ್ಖಾನೆ ತುಂಬ ನಗು ಎದ್ದಿತು. ಇಸ್ತ್ರಿಯವಳು ನಗಲಿಲ್ಲ. ಮೆಟ್ಟಿದ ಚಪ್ಪಲಿಯನ್ನು ಬಿಟ್ಟು ಒಳಗೆ ಬಂದಳು. ಕ್ಯಾಮೆರಾದ ಎದುರಿದ್ದ ಪೆಟ್ಟಿಗೆಯ ಮೇಲೆ ಕೂತು, ಸೆರಗಿನಿಂದ ಕೈ ಒರೆಸಿಕೊಂಡು, "ಹಾಸ್ಟೆಲಿನ ಹುಡುಗಿಯರ ಕಡೆ ಏನು ನಡೀತಿತ್ತು ಅಂತ ತಾತನಿಗೆ ಗೊತ್ತಿಲ್ಲ. ಅದನ್ನ ನಾನು ಹೇಳ್ತೀನಿ," ಅಂದಳು.