ಬ್ಯಾರೆ ಒಲಿ, ಬ್ಯಾರೆ ಮನಿ

ನಿನ್ನೆ ಮುಡಬಿಯಿಂದ ಹೊಸ ಜೋಳ ಬಂತು. ಚೀಲದ ಬಾಯಿ ಬಿಚ್ಚಿದ ಕೂಡಲೇ ಬಿಸಿಲು, ಧೂಳು, ಒಣ ಸೊಪ್ಪೆಯ ದಂಟು ಬೆರೆತ ಆ ವಾಸನೆ... ಅದರ ಹಿಂದೆಯೇ ಹೆಳವ ಮುತ್ಯಾ ನೆನಪಾದರು.

ಎತ್ತಿನ ಮೇಲೆ ಊರೂರು ತಿರುಗಿ, ಒಂದೊಂದು ಮನೆತನದ ಹಿರಿಯರ ಹೆಸರುಗಳನ್ನು ಬಾಯಿಪಾಠವಾಗಿ ಹೇಳುವವರು ಹೆಳವರು. ಹುಮನಾಬಾದಿನ ನಮ್ಮ ಮನೆಗೆ ಈ ಮುತ್ಯಾ ಸುಗ್ಗಿ ಮುಗಿದ ಮೇಲೆ ನಿರ್ಣಾ ಕಡೆಯಿಂದ ಬಂದು, ಹೆಸರು ಹೇಳಿ, ಮೊರದ ತುಂಬ ಹೊಸ ಜೋಳ ಪಡೆದು ಹೋಗುತ್ತಿದ್ದರು. ಒಮ್ಮೆ ನಾನು ಕಾನ್ವೆಂಟ್ ಬೋರ್ಡಿಂಗಿನಿಂದ ಹಾಲಿಡೇಸ್‌ಗೆ ಬಂದಿದ್ದೆ. ಫ್ಯಾಮಿಲಿ ಟ್ರೀ ಬರೆದು ತರಲು ಸಿಸ್ಟರ್ ಹೇಳಿದ್ದರು. ಚಾರ್ಟ್ ಪೇಪರಿನಲ್ಲಿ ದೊಡ್ಡದೊಂದು ಮರ ಬರೆದುಕೊಂಡು ಮುತ್ಯಾನ ಎದುರು ಕೂತೆ.

“ಮರಾ ಯಾಕವ್ವಾ? ಮರಾ ನಿಂತಲ್ಲೇ ನಿಂತಿರ್ತದ. ಮನೆತನ ಬಳ್ಳಿ ಅದ, ಹರಕೋತ ಹೋಗ್ತದ,” ಎಂದು ನಕ್ಕರು. ಆಮೇಲೆ ಕಣ್ಣು ಮುಚ್ಚಿದರು. ನಾರಾಯಣಪುರದ ಚನ್ನಪ್ಪ, ಚನ್ನಪ್ಪನ ಮಗ ಗುರಪ್ಪ... ದನಿ ಎತ್ತಿನ ನಡಿಗೆಯಂತೆ ತೂಗುತ್ತಿತ್ತು. ನಾನು ಕಂಡಿರದ ಅಜ್ಜಂದಿರು ಒಬ್ಬೊಬ್ಬರೇ ಬಂದು ಅಂಗಳದಲ್ಲಿ ಕೂತಂತೆ... ಕೊನೆಗೆ ಅಪ್ಪ, ಅಣ್ಣ. ಅಲ್ಲಿಗೆ ನಿಂತಿತು.

“ನಂದು?” ಎಂದೆ.

“ನೀ ಗಂಡನ ಮನಿ ಬಳ್ಳ್ಯಾಗ ಬರ್ತೀ ಅವ್ವಾ.”

ನಮ್ಮ ಆಯಿ, ಅಂದರೆ ಅಜ್ಜಿ, ಸೆರಗು ಬಾಯಿಗೆ ಹಿಡಿದು ನಕ್ಕಳು. “ಲಗೂನ ಲಗ್ನಾ ಮಾಡ್ಕೋ, ಹೆಸರು ಸಿಗ್ತದ!”

ನನಗೆ ಮದುವೆಯಾಗಲಿಲ್ಲ. ಆಗಲಿಲ್ಲ, ದಟ್ಸ್ ಆಲ್. ಬಸವಕಲ್ಯಾಣದಲ್ಲಿ ಟೀಚರ್ ಆಗಿ ಒಬ್ಬಳೇ ಬಾಡಿಗೆ ಮನೆ ಮಾಡಿದೆ. ಯಾವ ಬಳ್ಳಿಯಲ್ಲೂ ನನ್ನ ಹೆಸರಿಲ್ಲ ಎಂಬುದು ಮಾತ್ರ, ಸಿಲ್ಲಿ ಅನ್ನಿ, ಒಳಗೆ ಚುಚ್ಚುತ್ತಲೇ ಇತ್ತು.

ಒಂದು ಮುಂಜಾನೆ ಓಣಿಯಲ್ಲಿ ಎತ್ತಿನ ಗಂಟೆ ಕೇಳಿಸಿತು. ಬಾಗಿಲು ತೆರೆದರೆ ಅವರೇ. ಬಹಳ ಮುಪ್ಪಾಗಿದ್ದರು. ಅಣ್ಣನ ಮನೆಯಲ್ಲಿ ವಿಳಾಸ ಕೇಳಿಕೊಂಡು ಬಂದಿದ್ದರು.

“ಇಲ್ಲಿ ಯಾರಿಗಿ ಹೇಳ್ತೀರಿ ಮುತ್ಯಾ? ಗಂಡಸರೇ ಇಲ್ಲಲ್ಲ,” ಎಂದಳು ಎದುರು ಮನೆಯಾಕೆ.

“ಈಕಿ ಬ್ಯಾರೆ ಒಲಿ ಹೂಡ್ಯಾಳಿಲ್ಲ? ಬ್ಯಾರೆ ಒಲಿ ಅಂದ್ರ ಬ್ಯಾರೆ ಮನಿ. ಮನಿ ಅಂದಮ್ಯಾಲ ಹೆಳವ ಬರಬೇಕು,” ಎಂದರು.

ಎತ್ತಿನ ಮೇಲಿಂದಲೇ ಶುರು ಮಾಡಿದರು. ನಾರಾಯಣಪುರದ ಚನ್ನಪ್ಪನಿಂದ ಇಳಿದು ಅಪ್ಪನವರೆಗೆ ಬಂದು, ಒಂದು ಗಳಿಗೆ ತಡೆದು, ದನಿ ಏರಿಸಿದರು. “ಶರಣಪ್ಪನ ಮಗಳು ಸುಶೀಲಾಬಾಯಿ, ಕಲ್ಯಾಣದಾಗ ಮನಿ ಹೂಡಿದಾಕಿ!”

ಇಡೀ ಓಣಿ ಕೇಳಿತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ...

ಮೊರದ ತುಂಬ ಕೊಡಲು ಹೊಲದ ಜೋಳ ಇರಲಿಲ್ಲ. “ಅಂಗಡೀದು ನಡೀತದೇನ್ರಿ?” ಎಂದೆ.

“ಜೋಳಕ್ಕೇನ್ ಗೊತ್ತವ್ವಾ, ಯಾರ ಹೊಲದಾಗ ಬೆಳದೀನಂತ!”

ಆಮೇಲೆ ಇನ್ನೊಮ್ಮೆ ಬಂದರು. ಮುಂದೆ ಬರಲಿಲ್ಲ. ತೀರಿಕೊಂಡರೆಂದು ತಡವಾಗಿ ತಿಳಿಯಿತು. ಮಗ ಬೀದರಿನಲ್ಲಿ ಆಟೋ ಓಡಿಸುತ್ತಾನಂತೆ.

ಈಗ ಅಣ್ಣನ ಮೊಮ್ಮಗಳು ಮೊಬೈಲಿನಲ್ಲಿ ನಮ್ಮ ಮನೆತನದ ಚಾರ್ಟ್ ಮಾಡಿದ್ದಾಳೆ. ನನ್ನ ಹೆಸರೂ ಇದೆ, ಸ್ಪೆಲ್ಲಿಂಗ್ ಕೂಡ ಕರೆಕ್ಟ್. “ಒಮ್ಮಿ ಜೋರಾಗಿ ಓದವ್ವಾ,” ಎಂದೆ.

“ಆಯಿ, ಇದು ಓದೂದಲ್ಲ, ನೋಡೂದು!” ಎಂದು ನಕ್ಕಳು.

ನೋಡಿದೆ. ಚಂದ ಅದ ಅಂದೆ. ಮುತ್ಯಾನ ಆ ದನಿಯಲ್ಲಿ ನನ್ನ ಹೆಸರನ್ನು ಇನ್ನು ಯಾರೂ ಹೇಳುವುದಿಲ್ಲ...