ಯಾರೂ ಮುಟ್ಟುವುದಿಲ್ಲ

“ಗಂಡ ಹೋದಮ್ಯಾಲೆ ನನ್ನ ಯಾರೂ ಮುಟ್ಟಿಲ್ಲ ತಂಗಿ, ನನಗ್ಯಾಕ ಈ ಟೆಸ್ಟು?” ದೂರದೇಶದ ಒನೆಹುಂಗಾ ಎಂಬ ಬಡಾವಣೆಯ ಕ್ಲಿನಿಕ್ಕಿನಲ್ಲಿ ವಿಯೆಟ್ನಾಮಿ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಬಗ್ಗೆ ಹೇಳಿಕೊಡುತ್ತಿದ್ದ ನರ್ಸ್ ನಾನು. ವಯಸ್ಸಾದ ಆಂಟಿಯೊಬ್ಬರು ದುಭಾಷಿಯ ಮೂಲಕ ಕೇಳಿದ್ದು ನನ್ನ ಕಿವಿಗೆ ನಮ್ಮ ಕಡೆಯ ಮಾತಿನಂತೆಯೇ ಕೇಳಿಸಿತು; ಉಳಿದವರು ತಲೆ ತಗ್ಗಿಸಿದರು.

ಕೂಡಿದಾಗ ಅಂಟುವ, ಈ ಕ್ಯಾನ್ಸರ್ ತರುವ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಮೈಯಲ್ಲಿ ಇರಬಹುದು ಎಂದೆ. ನಾಚಿಕೆ ಬಿಡಲೆಂದು, “ಪರದೆಯ ಹಿಂದೆ ಕಡ್ಡಿಯಿಂದ ನೀವೇ ಮಾದರಿ ತೆಗೆದುಕೊಳ್ಳಬಹುದು, ಯಾರೂ ಮುಟ್ಟುವುದಿಲ್ಲ” ಎಂದೂ ಸೇರಿಸಿದೆ.

“ಇಲ್ಲೂ ಯಾರೂ ಮುಟ್ಟಂಗಿಲ್ಲೇನು?” ಎಂದು ಅವರು ನಕ್ಕರು. ಕಣ್ಣು ನಗಲಿಲ್ಲ.

ಪರದೆಯಿಂದ ಹೊರಬಂದು ಅವರು ಕೊಟ್ಟ ಮಾದರಿಯ ಟ್ಯೂಬನ್ನು ಇಟ್ಟು, ಗ್ಲೌಸ್ ತೆಗೆದು ಅವರ ಕೈ ಹಿಡಿದೆ. ಎಷ್ಟು ಹೊತ್ತಾದರೂ ಅವರು ಬಿಡಲಿಲ್ಲ.

ಸಂಜೆ ಪಾಪಟೊಯಿಟೊಯಿ ಬಡಾವಣೆಯ ನನ್ನ ರೂಮಿನ ಬೀಗ ತೆಗೆಯುವಾಗ ಹೊಳೆಯಿತು. ದಿನವಿಡೀ ಎಷ್ಟೋ ಜನರನ್ನು ಮುಟ್ಟುವ ಈ ಕೈಯನ್ನು ಆ ಆಂಟಿಗೂ ಮೊದಲು ಕೊನೆಯ ಸಲ ಹಾಗೆ ಹಿಡಿದವಳು, ಧಾರವಾಡದ ಸ್ಟೇಷನ್ನಿನಲ್ಲಿ ನನ್ನನ್ನು ಕಳಿಸಿಕೊಟ್ಟ ಅವ್ವ.