ಅಂಗಿಯೊಳಗಿದ್ದ ಅಪ್ಪ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ಮಳೆಗಾಲ ಬಂತೆಂದರೆ ಎಲ್ಲರ ಬೆರಳೂ ಕಪ್ಪಾಗುತ್ತಿತ್ತು. ಹೊಗೆಸೊಪ್ಪಿನ ಅಂಟು ಅದು. ಎಲೆ ಮುರಿಯುವಾಗ ಒಮ್ಮೆ ಹತ್ತಿತೆಂದರೆ ಹುಣಸೆಹಣ್ಣು ಹಾಕಿ ಉಜ್ಜಿದರೂ ಬಿಡುತ್ತಿರಲಿಲ್ಲ. ಆ ಕೈಯಲ್ಲಿ ಉಂಡರೆ ಮುದ್ದೆಯೂ ಕಹಿ, ಸಾರೂ ಕಹಿ. ಥೂ ಎಂದು ನಾನು ಮುಖ ಕಿವುಚಿದರೆ ಅಪ್ಪ ಬಾಯ್ತುಂಬ ನಗುತ್ತಿದ್ದ.

ಮುರಿದ ಎಲೆಗಳನ್ನು ಕಡ್ಡಿಗಳಿಗೆ ದಾರದಿಂದ ಕಟ್ಟಿ ಬ್ಯಾರನ್ನಿನಲ್ಲಿ ನೇತುಹಾಕುತ್ತಿದ್ದೆವು. ಬ್ಯಾರನ್ ಎಂದರೆ ಸೊಪ್ಪು ಬೇಯಿಸುವ ಎತ್ತರದ ಮನೆ. ಹೊರಗಿನಿಂದ ಸೌದೆ ಉರಿಸಿದರೆ ಒಳಗಿನ ಹಸಿರೆಲೆ ಐದಾರು ದಿನಕ್ಕೆ ಹಳದಿಗೆ ತಿರುಗುತ್ತಿತ್ತು. ಉರಿ ಹೆಚ್ಚಾದರೂ ಸೊಪ್ಪು ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಅದಕ್ಕೇ ಅಪ್ಪ ಹಗಲೂ ರಾತ್ರಿ ಒಲೆಬಾಯಿಯ ಮುಂದೆ ಕೂತಿರುತ್ತಿದ್ದ. ನಿದ್ದೆ ಬಾರದಿರಲೆಂದು ಬೀಡಿ. ಒಂದು ಆರುವ ಮೊದಲೇ ಇನ್ನೊಂದು. ಬೆಳಿಗ್ಗೆ ಎದ್ದು, ಎದ್ದು ಏನು ಬಂತು, ಮಲಗಿದ್ದರಲ್ಲವೇ ಏಳುವುದು, ಹಾಗೇ ಬರಿತಲೆಯಲ್ಲಿ ಹೊಲಕ್ಕೆ ಹೋಗಿಬಿಡುತ್ತಿದ್ದ.

ಅಜ್ಜಿ, ಅಂದರೆ ಅಪ್ಪನ ಅಮ್ಮ, ಬೇರೆಯೇ ತರಹದ ಹೆಂಗಸು. ತಲೆಗೆ ಸೆರಗು ಹೊದೆಯದೆ ಹೊಸಿಲು ದಾಟಿದವಳಲ್ಲ. ನಡುಮಧ್ಯಾಹ್ನ ಯಾರು ಕರೆದರೂ ನೆರಳು ಬಿಟ್ಟು ಏಳುತ್ತಿರಲಿಲ್ಲ. ಶನಿವಾರ ತಪ್ಪದೆ ಮೈಗೆಲ್ಲ ಹರಳೆಣ್ಣೆ ಹಚ್ಚಿ, ಸೀಗೆಕಾಯಿ ಹಾಕಿ ಎರೆದುಕೊಳ್ಳುತ್ತಿದ್ದಳು. ಊಟಕ್ಕೆ ಸೊಪ್ಪಿನ ಉಪ್ಸಾರು, ಮೇಲೆ ಒಂದು ಚೊಂಬು ನೀರುಮಜ್ಜಿಗೆ, ಕತ್ತಲಾಯಿತೆಂದರೆ ಗೊರಕೆ. ಮನೆತುಂಬ ಹೊಗೆಸೊಪ್ಪಿದ್ದರೂ ಎಲೆಯಡಿಕೆಗೆ ಒಂದು ಚೂರು ಸೇರಿಸಿದವಳಲ್ಲ. ಅವಳ ಕೆನ್ನೆಗೆ ಕೆನ್ನೆ ಒತ್ತಿದರೆ ಮೆತ್ತಗಿರುತ್ತಿತ್ತು.

ಆ ವರ್ಷ ಸೊಪ್ಪಿನ ಕೆಲಸವೆಲ್ಲ ಮುಗಿದ ಮೇಲೆ ಅಪ್ಪ, ಅಜ್ಜಿ, ನಾನು ಮೂವರೂ ಬಸ್ಸು ಹತ್ತಿ ಮಿರ್ಲೆಗೆ ಹೊರಟೆವು. ಅಕ್ಕನನ್ನು ಅಲ್ಲಿಗೆ ಮದುವೆ ಮಾಡಿ ಕೊಟ್ಟು ವರ್ಷವಾಗಿತ್ತು. ಅಮ್ಮ ಹಸು ನೋಡಿಕೊಳ್ಳಲು ಊರಲ್ಲೇ ಉಳಿದಳು. ಮಿರ್ಲೆಯಲ್ಲಿ ಬಸ್ಸಿಳಿದಾಗ ಎಲ್ಲೆಲ್ಲೂ ಕೊಯ್ದ ಭತ್ತದ ವಾಸನೆ. ಬೀಡಿ ವಾಸನೆಯ ಅಪ್ಪನ ಬೆರಳು ಹಿಡಿದುಕೊಂಡು ನಾನು ಕುಣಿಯುತ್ತಾ ನಡೆದೆ.

ಅಕ್ಕನ ಮನೆಯ ಜಗಲಿಯಲ್ಲಿ ಪಕ್ಕದ ಮನೆಯ ಯಜಮಾನರೊಬ್ಬರು ಕೂತಿದ್ದರು. ಅವರು ನಮ್ಮನ್ನು ಹಿಂದೆ ನೋಡಿದವರಲ್ಲ. ಎದ್ದು ನಿಂತು ಅಜ್ಜಿಯನ್ನು ಮಾತಾಡಿಸಿದರು. "ಬನ್ನಿ ಬನ್ನಿ. ಇವ್ರು ನಿಮ್ಮಣ್ಣನವ್ರಾ ಅವ್ವಾ? ವಯಸ್ಸಾದೋರ್ನ ಇಷ್ಟು ದೂರ ಬಸ್ಸಲ್ಲಿ ಕರ್ಕೊಂಡ್ ಬಂದ್ರಲ್ಲ!"

"ಅಯ್ಯೋ ನಿನ್ ಮನೆ ಕಾಯೋಗ!" ಎಂದಳು ಅಜ್ಜಿ. "ಯಾವ ಅಣ್ಣ? ನಾನೆತ್ತ ಮಗ ಕಣಪ್ಪ ಅವ್ನು!"

ಯಜಮಾನರು ನಾಲಿಗೆ ಕಚ್ಚಿಕೊಂಡರು. ನಾನು ಬಿದ್ದು ಬಿದ್ದು ನಕ್ಕೆ. ಅಪ್ಪನೂ ನಕ್ಕ. ಕಾಲು ತೊಳೆಯಲು ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಮಾತ್ರ ನಗಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಆಗ ಅಪ್ಪನಿಗೆ ಇನ್ನೂ ನಲವತ್ತು ದಾಟಿತ್ತಷ್ಟೇ.

ಅಕ್ಕ ತಡಮಾಡಲಿಲ್ಲ. ಹಂಡೆಗೆ ಉರಿ ಹಾಕಿ, ಹಿತ್ತಲಲ್ಲಿ ಮಣೆಯಿಟ್ಟು, ಅಪ್ಪನ ಅಂಗಿ ಬಿಚ್ಚಿಸಿ ಎಣ್ಣೆ ಹಚ್ಚಲು ಕೂರಿಸಿದಳು. ನಾನು ಎಣ್ಣೆಯ ಬಟ್ಟಲು ಹಿಡಿದು ಹಿಂದೆ ನಿಂತಿದ್ದೆ. ಅವತ್ತೇ ನಾನು ಅದನ್ನು ಸರಿಯಾಗಿ ನೋಡಿದ್ದು. ಅಪ್ಪನ ಕುತ್ತಿಗೆಯಲ್ಲಿ, ಅಂಗಿಯ ಕಾಲರ್ ಕೂರುವ ಜಾಗದಲ್ಲಿ, ಗೆರೆ ಎಳೆದಂತೆ ಎರಡು ಚರ್ಮ. ಮೇಲೆ ಬಿಸಿಲು, ಉರಿ, ಹೊಗೆ ತಿಂದು ಒಣಕೆರೆಯ ಮಣ್ಣಿನಂತೆ ಬಿರಿದದ್ದು. ಕೆಳಗೆ, ಬೆನ್ನಿನ ಮೇಲೆ, ನುಣ್ಣಗೆ ಹೊಳೆಯುವ ಹರೆಯದವನ ಚರ್ಮ. ಅಂಗಿಯೊಳಗೆ ಒಬ್ಬ ಚಿಕ್ಕ ವಯಸ್ಸಿನ ಅಪ್ಪ ಇದ್ದ! ಅಕ್ಕನ ಕೈ ಆ ಗೆರೆಯ ಮೇಲೆ ಬಂದು ನಿಂತುಬಿಟ್ಟಿತು.

"ಅಪ್ಪಾ, ಆ ಬೀಡಿ ಬುಟ್ಬುಡು."

"ಬುಡ್ತೀನಿ ಕಣವ್ವ."

"ಅಂಗೆ ಬಾಯ್ಮಾತಿಗೆ ಯೋಳ್ಬೇಡ. ನನ್ ಮೇಲೆ ಆಣೆ ಮಾಡು. ಬಿಸ್ಲಿಗ್ ಓಗುವಾಗ ತಲೆಗೊಂದು ಟವಲ್ ಸುತ್ಕೊ. ಬ್ಯಾರನ್ ಕಾಯೋಕೆ ಇನ್ನೊಬ್ರುನ್ನ ಮಾಡ್ಕೊಂಡು ನಿದ್ದೆ ಮಾಡು. ನನ್ ಮಕ್ಕಳ್ನ ನೀನು ಎತ್ತಾಡುಸ್ಬೇಕು ಕಣಪ್ಪ." ಅಷ್ಟು ಹೇಳಿ ಅಕ್ಕ ಅತ್ತುಬಿಟ್ಟಳು. ಅಪ್ಪ ಎಣ್ಣೆಗೈಯನ್ನು ಅವಳ ತಲೆಯ ಮೇಲಿಟ್ಟು ಆಣೆ ಮಾಡಿದ.

ಊರಿಗೆ ಬಂದ ಮೇಲೆ ಅಪ್ಪ ನಿಜಕ್ಕೂ ಬೀಡಿ ಬಿಟ್ಟ. ಜೇಬಿನಲ್ಲಿ ಹುರಿಗಡಲೆ ಇಟ್ಟುಕೊಂಡು, ಆಸೆಯಾದಾಗ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಶನಿವಾರ ಅಜ್ಜಿಯ ಎಣ್ಣೆಯಲ್ಲಿ ಪಾಲು ಕೇಳುತ್ತಿದ್ದ. "ಈಗ್ ನೋಡು, ಮಕ್ದಲ್ಲಿ ಕಳೆ ಬಂತು" ಎಂದು ಅಜ್ಜಿ ಹಿಗ್ಗಿದಳು. ಅಂಗಿಯೊಳಗಿನ ಅಪ್ಪ ಮೆಲ್ಲಮೆಲ್ಲಗೆ ಕಾಲರ್ ದಾಟಿ ಮೇಲೆ ಬರುತ್ತಾನೆಂದು ನಾನು ನಂಬಿದ್ದೆ. ಹೆಗಲ ಮೇಲೆ ಹತ್ತಿ ಕೂತು ದಿನಾ ಕುತ್ತಿಗೆ ನೋಡುತ್ತಿದ್ದೆ. ಎಂಥ ಸುಖದ ದಿನಗಳು ಅವು!

ಮುಂದಿನ ಮಳೆಗಾಲ ಬಂತು, ಬ್ಯಾರನ್ನಿನ ಒಲೆ ಮತ್ತೆ ಹೊತ್ತಿತು. ಮೂರನೆಯ ದಿನ ಮಧ್ಯಾಹ್ನ ನಾನು ಊಟ ಒಯ್ದಾಗ ಅಪ್ಪ ಥಟ್ಟನೆ ಕೈ ಹಿಂದಕ್ಕೆ ಸರಿಸಿದ. ಬೆನ್ನ ಹಿಂದಿನಿಂದ ಹೊಗೆ ಏಳುತ್ತಿತ್ತು.

"ಅಕ್ಕಂಗೆ ಯೋಳ್ಬೇಡ ಕಣ್ಲಾ ಮಗ" ಎಂದ. ನನ್ನ ಕಣ್ಣು ನೋಡಲಿಲ್ಲ.

ನಾನು ಹೇಳಲಿಲ್ಲ. ಅಪ್ಪನನ್ನು ಬಿಟ್ಟುಕೊಡಬಾರದೆಂದು ದೊಡ್ಡ ಮನುಷ್ಯನ ಹಾಗೆ ಬಾಯಿ ಮುಚ್ಚಿಕೊಂಡೆ. ಹೇಳಬೇಕಿತ್ತು. ಅಕ್ಕನಿಗೆ ಮಗ ಹುಟ್ಟುವ ಹೊತ್ತಿಗೆ ಅಪ್ಪನಿಗೆ ಕೆಮ್ಮು ಹಿಡಿದಿತ್ತು. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡ, ನಿಂತು ಎತ್ತಾಡಿಸಲು ಉಸಿರು ಸಾಲಲಿಲ್ಲ. ಅದು ಹೆಜ್ಜೆ ಇಡುವ ಮೊದಲೇ ಅಪ್ಪ ಹೋದ. ಅಜ್ಜಿ, ಅದೇ ಮೆತ್ತನೆಯ ಕೆನ್ನೆಯ ಅಜ್ಜಿ, ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ನೀವೀಗ ಆಟಕ್ಕೆ ಹೊರಡುವ ಮೊದಲು ಬಿಸಿಲಿಗೆಂದು ಮುಖಕ್ಕೆ ಬಿಳಿ ಕ್ರೀಮು ಬಳಿದುಕೊಳ್ಳುತ್ತೀರಿ. ಒಳ್ಳೆಯದೇ, ಬಳಿದುಕೊಳ್ಳಿ. ಆಮೇಲೆ ಸೊಪ್ಪು ತಟ್ಟೆಯಂಚಿಗೆ ತಳ್ಳಿ, ನೀರು ಕುಡಿಯದೆ, ಮೊಬೈಲು ಹಿಡಿದು ನಿದ್ದೆಗೆಡುತ್ತೀರಲ್ಲ, ಆ ಕ್ರೀಮು ಪಾಪ ಏನು ಮಾಡೀತು? ಹೇಳಿದರೆ ಅಜ್ಜ ಗೊಣಗುತ್ತಾರೆ ಎಂದು ನಗುತ್ತೀರಿ. ಗೊಣಗುತ್ತೇನಪ್ಪ. ಒಮ್ಮೆ ಹೇಳದೆ ಉಳಿದವನು ನಾನು.

ನನ್ನ ಕೆನ್ನೆ ಹಿಂಡಿ, ಸುಕ್ಕು ಎಣಿಸಿ ಆಡುತ್ತೀರಿ. ಆಡಿ, ಇವು ಬರುವ ಕಾಲಕ್ಕೆ ಬಂದ ಸುಕ್ಕುಗಳು. ಅಪ್ಪನಿಗೆ ಮುದುಕನ ಮುಖ ಸಿಕ್ಕಿತು, ಮುದುಕನಾಗುವಷ್ಟು ಆಯಸ್ಸು ಸಿಗಲಿಲ್ಲ. ಅವನು ನಿಜವಾಗಿ ಮುದುಕನಾಗಿ, ಹೀಗೆ ಮಕ್ಕಳ ಮಧ್ಯೆ ಕೂತು ಕೆನ್ನೆ ಹಿಂಡಿಸಿಕೊಳ್ಳುವುದನ್ನು ನಾನು ನೋಡಬೇಕಿತ್ತು ಕಣ್ರೋ.